ಮೇಸ್ತ್ರಿ ಬರೆದ ನಾಲ್ಕು ಹಾಳೆ

ಗೋವಿನಕೋವಿಯ ನಮ್ಮ ಹಳೇ ಹಂಚಿನ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟೋದು ಅಂತ ತೀರ್ಮಾನವಾದಾಗ ಮನೆಯವರೆಲ್ಲ ಕೆಲಸ ಹಂಚಿಕೊಂಡೆವು. ಪಂಚಾಯ್ತಿ, ಖಾತೆ, ಲೈಸೆನ್ಸು ಅಪ್ಪನದು. ಅಡುಗೆಮನೆ ಯಾವ ದಿಕ್ಕಿಗೆ, ದೇವರಕೋಣೆ ಎಷ್ಟು ಅಗಲ ಅನ್ನೋದು ಅವ್ವನದು. ಬ್ಯಾಂಕ್ ಸಾಲ ಮತ್ತು ಕೊಟೇಷನ್ ನನ್ನದು. ನನಗೆ ಅದು ಸುಲಭದ ಕೆಲಸ ಅಂತಲೇ ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿ ನಾನು ಹೊಟ್ಟೆ ಹೊರೆಯೋದೇ ಅದರಿಂದ. ದೊಡ್ಡ ಕಂಪನಿಗಳು ಸಾಫ್ಟ್‌ವೇರ್ ಕೆಲಸಕ್ಕೆ ಬಿಡ್ ಕರೀತಾರೆ, ನಮ್ಮ ತಂಡ ಪ್ರಪೋಸಲ್ ಬರೆದು ಕಳಿಸುತ್ತೆ. ಯಾರ ರೇಟು ಎಷ್ಟು, ಯಾಕೆ ಅಷ್ಟು ಅಂತ ಎಕ್ಸೆಲ್ ಶೀಟಿನಲ್ಲಿ ಕೂಡಿ ಕಳೆಯೋದು ನನ್ನ ದಿನದ ಅನ್ನ.

ಮನೆ 12 ಚದರದ್ದು. ಅಂದರೆ 1,200 ಚದರ ಅಡಿ. ಮೂರು ಕಡೆಯಿಂದ ರೇಟು ಬಂತು. ಶಿವಮೊಗ್ಗ ಕಡೆಯ ಒಬ್ಬ ಕಂಟ್ರಾಕ್ಟರ್ ವಾಟ್ಸಾಪಿನಲ್ಲಿ ಒಂದೇ ಸಾಲು ಕಳಿಸಿದರು: ಮೆಟೀರಿಯಲ್ ಸಮೇತ ಚದರ ಅಡಿಗೆ 1,650. ಒಟ್ಟು 19 ಲಕ್ಷ 80 ಸಾವಿರ. ಹೊನ್ನಾಳಿಯ ಇನ್ನೊಬ್ಬರು 1,800 ಅಂದರು. ಜೊತೆಗೆ ಬಣ್ಣಬಣ್ಣದ ತ್ರೀಡಿ ಚಿತ್ರ ಕಳಿಸಿದರು. ಅದು 21 ಲಕ್ಷ 60 ಸಾವಿರ. ಮೂರನೆಯವರು ನಮ್ಮೂರ ಮೇಸ್ತ್ರಿ. ಅವರು ಅಡಿಗೆ ಇಷ್ಟು ಅಂತ ಹೇಳಲಿಲ್ಲ. ಮೊಮ್ಮಗನ ನೋಟ್‌ಬುಕ್ಕಿನಿಂದ ಹರಿದ ನಾಲ್ಕು ಗೆರೆ ಹಾಳೆಯ ಮೇಲೆ ಬಾಲ್‌ಪೆನ್ನಿನಲ್ಲಿ ಎಲ್ಲವನ್ನೂ ಬರೆದು ಕೊಟ್ಟರು. ಕೊನೆಗೆ ಕೂಡಿದ ಮೊತ್ತ 24 ಲಕ್ಷ 60 ಸಾವಿರ. ಭಾಗಿಸಿ ನೋಡಿದೆ: ಅಡಿಗೆ 2,050.

ನಮ್ಮ ಹತ್ತಿರ ಇದ್ದದ್ದು ಸಾಲ 18 ಲಕ್ಷ, ಕೈಯಲ್ಲಿದ್ದದ್ದು 4 ಲಕ್ಷ. ಒಟ್ಟು 22. ಎಕ್ಸೆಲ್ ಶೀಟಿನ ಮಟ್ಟಿಗೆ ಮೇಸ್ತ್ರಿ ಆಟದಿಂದ ಹೊರಗೆ.

ಆದರೆ ಆ ಹಾಳೆಗಳನ್ನು ಸುಮ್ಮನೆ ಪಕ್ಕಕ್ಕಿಡೋಕೆ ಆಗಲಿಲ್ಲ, ಅದರಲ್ಲಿ ನಮ್ಮ ಜಾಗ ಇತ್ತು. ಪಾಯ ಕನಿಷ್ಠ 5 ಅಡಿ, ಗಟ್ಟಿ ನೆಲ ಸಿಗದಿದ್ದರೆ ಇನ್ನೂ ಕೆಳಗೆ. ಕಾಲಂ ಕಬ್ಬಿಣ 12 ಎಂಎಂ, ರಿಂಗು 8 ಎಂಎಂನದು, 6 ಇಂಚಿಗೊಂದು. ಕವರ್ ಬ್ಲಾಕ್ ಬೇರೆ ಸಾಲು. ಆರ್‌ಸಿಸಿಗೆ ನೀರು ಹೊಡೆಯೋಕೆ ಅಂತಲೇ ಒಬ್ಬ ಆಳು, 10 ದಿನದ ಕೂಲಿ ಸಮೇತ. ಸಂಪು, ಸೆಪ್ಟಿಕ್ ಗುಂಡಿ, ಪ್ಯಾರಾಪೆಟ್, ಬೇಸ್‌ಮೆಂಟಿಗೆ ತುಂಬೋ ಮಣ್ಣಿನ ಲೋಡು ಎಷ್ಟು ಅನ್ನೋದೂ ಇತ್ತು. ಎರಡನೇ ಹಾಳೆಯಲ್ಲಿ ಅಡಿಗೆರೆ ಎಳೆದು ಬರೆದ ಒಂದು ಸಾಲು: ‘ಮುಂದಿನ ಎಡ ಮೂಲೆ ಹಳೇ ಹಗೇವು. ತೆಗೆದು, ಕೆಳಗಿಂದ ಬೆಡ್ ಕಾಂಕ್ರೀಟ್ ತುಂಬಬೇಕು.’

ಹಗೇವು ಅಂದರೆ ಗೊತ್ತಲ್ಲ, ಹಿಂದಿನವರು ಜೋಳ, ರಾಗಿ ತುಂಬಿಡ್ತಿದ್ದ ನೆಲದೊಳಗಿನ ಕಣಜ. ನಮ್ಮ ಮನೆ ಮುಂದೆ ಹಗೇವು ಇತ್ತು ಅನ್ನೋದು ನನಗೇ ಗೊತ್ತಿರಲಿಲ್ಲ. ಅಜ್ಜನ ಕಾಲದಲ್ಲೇ ಮಣ್ಣು ಮುಚ್ಚಿದ್ದಂತೆ. ಮೇಸ್ತ್ರಿ ಒಂದು ದಿನ ಹಾರೆ ತಂದು ಅಲ್ಲಲ್ಲಿ ಕುಟ್ಟಿ ನೋಡಿ, ಆ ಮೂಲೆಯಲ್ಲಿ ಗುಂಡಿ ತೋಡಿಸಿ, ಮತ್ತೆ ಮುಚ್ಚಿಸಿ ಹೋಗಿದ್ದರು. ಅರ್ಧ ದಿನದ ಕೆಲಸ. ಒಂದು ರೂಪಾಯಿ ಕೇಳಿರಲಿಲ್ಲ. ಆ ಮೂಲೆ ಮೇಲೆ ಹಾಗೇ ಪಾಯ ಹಾಕಿದ್ದರೆ ಸಡಿಲ ಮಣ್ಣು ಕುಸಿದು, ಮೂರು-ನಾಲ್ಕು ಮಳೆಗಾಲಕ್ಕೆ ಗೋಡೆ ಸೀಳ್ತಿತ್ತು.

ಈಗ ನಾನು ಮಾಡಿದ ಕೆಲಸ ಹೇಳಬೇಕು. ನಾಲ್ಕೂ ಹಾಳೆಯ ಫೋಟೋ ತೆಗೆದು 1,650ರ ಕಂಟ್ರಾಕ್ಟರಿಗೆ ಕಳಿಸಿದೆ. ಕೆಳಗೆ ಬರೆದೆ: ‘ಇದರಲ್ಲಿರೋದೆಲ್ಲ ನಿಮ್ಮ ರೇಟಿನಲ್ಲಿ ಬರುತ್ತಾ?’

ಐದು ನಿಮಿಷಕ್ಕೆ ಉತ್ತರ ಬಂತು. ‘ಎಲ್ಲ ಮಾಡಿಕೊಡೋಣ ಸಾರ್. ಅದೇ ರೇಟು.’

ಅದನ್ನು ನೋಡಿ ಖುಷಿಪಡಬೇಕಿತ್ತು. ನನಗೆ ಆದದ್ದು ದಿಗಿಲು. ನಾಲ್ಕು ಹಾಳೆ ಓದೋಕೇ ಐದು ನಿಮಿಷ ಸಾಲದು. ಓದದೆ ಹೌದು ಅಂದವರು ಮಾಡದೆಯೂ ಮುಗಿಸಬಲ್ಲರು. ಮನೆ ಕಟ್ಟೋ ಕೆಲಸದಲ್ಲಿ ಮುಚ್ಚಿಡೋದು ಎಷ್ಟು ಸುಲಭ ಅಂತ ಸ್ವಲ್ಪ ಲೆಕ್ಕ ಹಾಕಿದರೆ ಗೊತ್ತಾಗುತ್ತೆ. 12 ಎಂಎಂ ಸರಳು ಮೀಟರಿಗೆ 0.888 ಕೆಜಿ ತೂಗುತ್ತೆ. 10 ಎಂಎಂದು 0.617. ಒಂದರ ಬದಲು ಇನ್ನೊಂದು ಹಾಕಿದರೆ ಸುಮಾರು ಶೇ 30ರಷ್ಟು ಕಬ್ಬಿಣ ಉಳೀತು. ಕಾಂಕ್ರೀಟ್ ಬಿದ್ದಮೇಲೆ ಒಳಗಿರೋದು ಹತ್ತೋ ಹನ್ನೆರಡೋ ನೋಡೋರು ಯಾರು? ಕಾಂಕ್ರೀಟಿಗಿರೋ ಭಾರತೀಯ ಮಾನಕ ಐಎಸ್ 456, ಕಾಲಂನಲ್ಲಿ ಕಬ್ಬಿಣದ ಹೊರಗೆ ಸಾಮಾನ್ಯವಾಗಿ 40 ಎಂಎಂ ಕಾಂಕ್ರೀಟ್ ಇರಬೇಕು ಅನ್ನುತ್ತೆ. ಪಿಪಿಸಿಯಂಥ ಮಿಶ್ರ ಸಿಮೆಂಟಾದರೆ ಕನಿಷ್ಠ 10 ದಿನ ಒದ್ದೆಯಾಗಿಡಬೇಕು ಅನ್ನುತ್ತೆ. ಮೇಸ್ತ್ರಿ ಆ ಪುಸ್ತಕ ಓದಿರಲಿಕ್ಕಿಲ್ಲ. ಅವರ ಹಾಳೆಯಲ್ಲಿದ್ದ ಕವರ್ ಬ್ಲಾಕು, 10 ದಿನದ ಆಳು ಎರಡೂ ಅಲ್ಲಿರೋದೇ. ಇವೆಲ್ಲ ಬಿಟ್ಟರೂ ಗೃಹಪ್ರವೇಶದ ದಿನ ಮನೆ ಹೊಳೀತಲೇ ಇರುತ್ತೆ. ಪ್ಲಾಸ್ಟರ್ ಆಗಿ ಪೇಂಟ್ ಬಿದ್ದಮೇಲೆ ಕಣ್ಣಿಗೆ ಎಲ್ಲ ಮನೆಯೂ ಒಂದೇ.

ರಾತ್ರಿ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ರೇಟು ಮುಖ್ಯ ಆಗಲಿಲ್ಲ.

‘ಅವನ ಲೆಕ್ಕ ತೆಗೆದು ಇನ್ನೊಬ್ಬನಿಗೆ ಕೊಟ್ಟ್ಯಾ?’

‘ಫೋಟೋ ಕಳಿಸ್ದೆ ಅಷ್ಟೆ. ಹೋಲಿಸಿ ನೋಡೋಕೆ.’

‘ನೀನು ಬೆಂಗಳೂರಾಗಿರ್ತೀಯಪ್ಪ. ನಾಳೆ ಬೆಳಿಗ್ಗೆ ಚಾದಂಗಡ್ಯಾಗೆ ಅವನ ಪಕ್ಕಕ್ಕೆ ಕೂತ್ಕೊಳ್ಳೋನು ನಾನು.’

ಅಪ್ಪ ಸಿಟ್ಟಾಗಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಎರಡು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು. ನಮ್ಮ ತಂಡ ಮೂರು ವಾರ ಕೂತು ಒಬ್ಬ ದೊಡ್ಡ ಗಿರಾಕಿಗೆ 80 ಪುಟದ ಪ್ರಪೋಸಲ್ ಬರೆದಿತ್ತು. ಅವರ ಹಳೇ ಸಿಸ್ಟಮ್ಮಿನಲ್ಲಿ ಎಲ್ಲೆಲ್ಲಿ ತೂತಿದೆ, ಹೇಗೆ ಮುಚ್ಚಬೇಕು ಅಂತ ಚಿತ್ರ ಬಿಡಿಸಿ ತೋರಿಸಿದ್ದೆವು. ಕೆಲಸ ನಮಗೆ ಸಿಗಲಿಲ್ಲ. ಕಡಿಮೆಗೆ ಹೇಳಿದವರಿಗೆ ಹೋಯ್ತು. ಕೆಲ ತಿಂಗಳಾದ ಮೇಲೆ ಅಲ್ಲಿರೋ ಗೆಳೆಯನೊಬ್ಬ ಹೇಳಿದ, ಅವರು ನಮ್ಮದೇ ಚಿತ್ರ ಇಟ್ಟುಕೊಂಡು ಕೆಲಸ ನಡೆಸ್ತಿದ್ದಾರೆ ಅಂತ. ಅವತ್ತು ನಾನು ಕಳ್ಳತನ ಅನ್ನೋ ಪದ ಬಳಸಿದ್ದೆ. ಮೇಸ್ತ್ರಿಯ ಹಗೇವು ವಾಟ್ಸಾಪಿನಲ್ಲಿ ಹೋಗುವಾಗ ಆ ಪದ ನನಗೆ ನೆನಪಾಗಲಿಲ್ಲ.

ನೀವೂ ಇಂಥದ್ದು ಅನುಭವಿಸಿರ್ತೀರಿ. ಇಂಟರ್‌ವ್ಯೂಗೆ ಹೋದಾಗ ಒಂದು ಅಸೈನ್‌ಮೆಂಟ್ ಕೊಡ್ತಾರೆ, ನೀವು ಶನಿವಾರ, ಭಾನುವಾರ ಸುಟ್ಟು ಮಾಡಿ ಕೊಡ್ತೀರಿ, ಕೆಲಸ ಸಿಗೋದಿಲ್ಲ, ನಿಮ್ಮ ಐಡಿಯಾ ಮಾತ್ರ ಅವರ ಆ್ಯಪಿನಲ್ಲಿ ಕಾಣಿಸಿಕೊಳ್ಳುತ್ತೆ. ಆಗ ನಾವು ಲಿಂಕ್ಡ್‌ಇನ್ನಿನಲ್ಲಿ ಉದ್ದುದ್ದ ಬರೀತೀವಿ. ಮನೆಗೆ ಇಂಟೀರಿಯರ್ ಮಾಡಿಸುವಾಗ ಒಬ್ಬ ಡಿಸೈನರ್ ಹಾಕಿಕೊಟ್ಟ ಅಳತೆಯನ್ನು ಇನ್ನೊಬ್ಬನಿಗೆ ತೋರಿಸಿ ‘ಇದನ್ನೇ ಕಡಿಮೆಗೆ ಮಾಡ್ತೀಯಾ’ ಅಂತಲೂ ಕೇಳ್ತೀವಿ.

ಹಾಗಾದರೆ ಇದು ತಪ್ಪಾ? ಅಷ್ಟು ಸುಲಭಕ್ಕೆ ಹೌದು ಅನ್ನೋಕೂ ಆಗಲಿಲ್ಲ. ನನ್ನ ಪರ ನಾನೇ ಒಂದಷ್ಟು ವಾದ ಹೂಡಿ ನೋಡಿದೆ.

ಮೊದಲನೆಯದು: ಕೊಟೇಷನ್ ಅಂದರೆ ಪುಕ್ಕಟೆ ಕೊಡೋದೇ ರೂಢಿ. ಮೇಸ್ತ್ರಿಗೂ ಅದು ಗೊತ್ತು. ಕೆಲಸ ಸಿಗಬಹುದು ಅಂತ ಅರ್ಧ ದಿನ ಹಾಕಿದರು, ಸಿಗಲಿಲ್ಲ. ಅದು ಅವರ ವ್ಯಾಪಾರದ ಖರ್ಚು. ಎರಡನೆಯದು: ಹಗೇವು ನಮ್ಮದು. ನಮ್ಮ ಜಾಗದ ವಿಷಯ ನಾನು ಯಾರಿಗೆ ಬೇಕಾದರೂ ಹೇಳಬಹುದು. ಮೂರನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: ನಮ್ಮ ಹತ್ತಿರ ದುಡ್ಡಿಲ್ಲ. ಚೌಕಾಸಿ ಮಾಡೋದು ಬಡವನ ಹಕ್ಕು. ಹೆಚ್ಚು ಕೇಳಿದವನೆಲ್ಲ ಸಾಚಾ ಅಂತಲೂ ಏನಿಲ್ಲ. ಬೆಂಗಳೂರಿಂದ ಬಂದ ಮಗ ಅಂತ ನೋಡಿ ರೇಟು ಏರಿಸೋರೂ ಇದ್ದಾರೆ. ಒಬ್ಬರ ರೇಟನ್ನು ಇನ್ನೊಬ್ಬರ ರೇಟಿನಿಂದ ಅಳೆಯದೆ ನಾನು ಮೋಸದಿಂದ ಪಾರಾಗೋದಾದರೂ ಹೇಗೆ?

ಮೂರರಲ್ಲೂ ನಿಜ ಇದೆ. ಆದರೆ ಮೂರೂ ರೇಟಿನ ಬಗ್ಗೆ ಮಾತಾಡುತ್ತವೆ. ನಾನು ಕಳಿಸಿದ್ದು ರೇಟನ್ನಲ್ಲ. ‘ಇನ್ನೊಬ್ಬರು 24.60 ಹೇಳಿದ್ದಾರೆ’ ಅಂದಿದ್ದರೆ ಅದು ಹೋಲಿಕೆ. ನಾನು ಕಳಿಸಿದ್ದು ಮೇಸ್ತ್ರಿಯ ಕಣ್ಣು, ಮೂವತ್ತು ವರ್ಷದ ಅನುಭವ, ಹಾರೆ ಹಿಡಿದು ನಿಂತ ಅರ್ಧ ದಿನ. ಅದನ್ನು ಅವರು ನನ್ನ ಕೈಗೆ ಕೊಟ್ಟದ್ದು ನಾನು ಓದಿ ತೀರ್ಮಾನ ಮಾಡಲಿ ಅಂತ. ಅವರನ್ನೇ ಹೊಡೆಯೋ ಕೋಲು ಮಾಡಿಕೊಳ್ಳಲಿ ಅಂತಲ್ಲ. ಕೊಟ್ಟವನ ಮನಸ್ಸಿನಲ್ಲಿದ್ದ ಗಡಿ ಬಾಯಲ್ಲಿ ಹೇಳದಿದ್ದರೂ ನಮಗೆ ಗೊತ್ತಿರುತ್ತೆ. ಗೊತ್ತಿದ್ದದ್ದಕ್ಕೇ ನಾನು ಫೋಟೋ ಕಳಿಸುವಾಗ ಮೇಲಿದ್ದ ಅವರ ಹೆಸರು, ಫೋನ್ ನಂಬರನ್ನು ಕತ್ತರಿಸಿ ಕಳಿಸಿದ್ದೆ. ನಾನು ಮಾಡ್ತಿರೋದು ಸರಿ ಅಂತ ನನಗೇ ಅನ್ನಿಸಿದ್ದರೆ ಕತ್ತರಿಸೋ ಅಗತ್ಯ ಏನಿತ್ತು?

ಮುಂದಿನ ಶನಿವಾರ ಊರಿಗೆ ಹೋದೆ. ಮೇಸ್ತ್ರಿ ಯಾರದೋ ಮನೆ ಲಿಂಟಲ್ ಸೆಂಟ್ರಿಂಗ್ ಹತ್ತಿರ ನಿಂತಿದ್ದರು. ‘ಮೇಸ್ತ್ರಣ್ಣ, ಒಂದ್ ವಿಷಯ ಹೇಳ್ಬೇಕಿತ್ತು’ ಅಂದೆ.

‘ಗೊತ್ತೈತಿ ಬಿಡು’ ಅಂದರು. ‘ಅವರ ಕಡೆ ಹುಡುಗ ಫೋನ್ ಮಾಡಿದ್ದ. ಊರಾಗೆ ವಿಚಾರ್ಸಿ ನನ್ನ ನಂಬರ್ ತಗಂಡಾನೆ. ಹಗೇವು ಎಷ್ಟು ಆಳ ಐತಿ ಅಂತ ಕೇಳಿದ.’

ನನಗೆ ಮಾತು ಹೊರಡಲಿಲ್ಲ. ‘ನೀವೇನಂದ್ರಿ?’ ಅಂದೆ.

‘ಏನನ್ಲಿ? ತೋಡಿ ನೋಡ್ಕೋ ಅಂದೆ.’ ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: ‘ನಿಂದೇನು ತಪ್ಪಿಲ್ಲ ತಮ್ಮಾ. ಎಲ್ರೂ ಹಂಗೇ ಮಾಡೋದು. ನಂದೇ ದಡ್ಡತನ. ಇನ್ಮುಂದೆ ನಾನೂ ಇಷ್ಟುದ್ದ ಬರೆಯಾದಿಲ್ಲ. ಅಡಿಗೆ ಇಷ್ಟು ಅಂತ ಒಂದೇ ಮಾತು ಹೇಳ್ತೀನಿ, ಬೇಕಾದೋರು ಬರ್ಲಿ.’

ಅವರು ಬೈದಿದ್ದರೆ ನಾನು ಕ್ಷಮೆ ಕೇಳಿ ಹಗುರಾಗ್ತಿದ್ದೆ. ಇದು ಹಗುರಾಗೋ ಮಾತಲ್ಲ. ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ತಲೆಯಲ್ಲಿ ಸುತ್ತುತ್ತಿತ್ತು. ನಾನು ಅಂದುಕೊಂಡಿದ್ದು ನನ್ನಿಂದ ಮೇಸ್ತ್ರಿಗೆ ನಷ್ಟವಾಯಿತು ಅಂತ. ಮೇಸ್ತ್ರಿಯ ನಷ್ಟ ಅರ್ಧ ದಿನದ್ದು. ದೊಡ್ಡ ನಷ್ಟ ಬೇರೆಯವರದ್ದು. ನಾಳೆ ಆ ಊರಲ್ಲಿ ಮನೆ ಕಟ್ಟಿಸೋ ಯಾರೋ ಒಬ್ಬರಿಗೆ ತಮ್ಮ ಜಾಗದಲ್ಲಿ ಏನಿದೆ ಅಂತ ನಾಲ್ಕು ಹಾಳೆಯಲ್ಲಿ ಬರೆದು ಕೊಡೋರು ಇರೋದಿಲ್ಲ.

ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹೆಸರಾಂತ ಲೇಖನ ಇದೆ. 1970ರಲ್ಲಿ ಜಾರ್ಜ್ ಅಕರ್‌ಲಾಫ್ ಬರೆದದ್ದು. ಮುಂದೆ 2001ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ನೊಬೆಲ್ ಬಂತು. ಅವರು ಕೊಟ್ಟ ಉದಾಹರಣೆ ಸೆಕೆಂಡ್ ಹ್ಯಾಂಡ್ ಕಾರಿನದು. ಯಾವ ಕಾರು ಚೆನ್ನಾಗಿದೆ, ಯಾವುದು ಡಕೋಟ ಅಂತ ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಅವನು ಎಲ್ಲ ಕಾರಿಗೂ ಸರಾಸರಿ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೇ ಕಾರಿನವನಿಗೆ ಗಿಟ್ಟೋದಿಲ್ಲ, ಅವನು ಸಂತೆ ಬಿಟ್ಟು ಹೋಗ್ತಾನೆ. ಸರಾಸರಿ ಇನ್ನೂ ಇಳಿಯುತ್ತೆ, ಇನ್ನೊಬ್ಬ ಒಳ್ಳೆಯವನು ಹೋಗ್ತಾನೆ. ಕೊನೆಗೆ ಉಳಿಯೋದು ಡಕೋಟಗಳೇ. ಇದನ್ನು ನಾನು ಎಂಬಿಎ ಪರೀಕ್ಷೆಗೆ ಓದಿದ್ದೆ. ಅಲ್ಲಿ ಅದು ಮಾರುಕಟ್ಟೆಯ ದೋಷ, ಮಳೆ ಗಾಳಿಯ ಹಾಗೆ ತನ್ನಷ್ಟಕ್ಕೆ ಆಗೋದು. ಒಳ್ಳೆಯವನನ್ನು ಸಂತೆಯಿಂದ ಓಡಿಸೋನು ಫೋನ್ ಹಿಡಿದ ನನ್ನಂಥ ಒಬ್ಬ ಗಿರಾಕಿ ಅಂತ ಅಲ್ಲಿ ಬರೆದಿರಲಿಲ್ಲ. ನನ್ನ ಮೇಸ್ತ್ರಿಯಂತೂ ಕಾರಿನ ಮಾಲೀಕನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಕೊಳ್ಳೋನಿಗೆ ಗೊತ್ತಿಲ್ಲದ್ದನ್ನು ತಾವಾಗಿ ಬರೆದು ತಿಳಿಸಿದ್ದರು. ಆ ತಿಳಿವಳಿಕೆಯನ್ನೇ ನಾನು ಅವರ ವಿರುದ್ಧ ತಿರುಗಿಸಿದ್ದೆ.

ಕಡಿಮೆ ರೇಟಿನ ಬಗ್ಗೆಯೂ ಒಂದು ಹಳೇ ಪಾಠ ಇದೆ. 1971ರಲ್ಲಿ ಅಮೆರಿಕದ ಮೂವರು ತೈಲ ಕಂಪನಿ ಎಂಜಿನಿಯರುಗಳು ಒಂದು ವಿಚಿತ್ರ ಗಮನಿಸಿ ಬರೆದರು. ಸಮುದ್ರದಲ್ಲಿ ತೈಲ ತೆಗೆಯೋ ಜಾಗ ಹರಾಜಾದಾಗ ಗೆಲ್ಲೋದು, ಆ ಜಾಗದಲ್ಲಿ ಎಷ್ಟು ತೈಲ ಇದೆ ಅನ್ನೋದನ್ನು ಎಲ್ಲರಿಗಿಂತ ಹೆಚ್ಚು ಅಂತ ಅಂದಾಜು ಮಾಡಿದವರು. ಅಂದರೆ ಬಹಳ ಸಲ ಎಲ್ಲರಿಗಿಂತ ಹೆಚ್ಚು ತಪ್ಪಿದವರು. ಗೆದ್ದವನ ಶಾಪ ಅಂತ ಇದು ಪ್ರಸಿದ್ಧವಾಯ್ತು. ಮನೆ ಕೊಟೇಷನ್ನಿನಲ್ಲಿ ಇದು ತಲೆಕೆಳಗಾಗುತ್ತೆ. ಕಡಿಮೆ ಹೇಳಿ ಗೆದ್ದವನು ಖರ್ಚನ್ನು ಎಲ್ಲರಿಗಿಂತ ಕಡಿಮೆ ಅಂದಾಜು ಮಾಡಿದವನು. ಒಂದೋ ಅವನಿಗೆ ಹಗೇವು ಗೊತ್ತಿಲ್ಲ, ಇಲ್ಲವೋ ಗೊತ್ತಿದ್ದೂ ಲೆಕ್ಕಕ್ಕೆ ಹಿಡಿದಿಲ್ಲ. 19.80ಕ್ಕೂ 24.60ಕ್ಕೂ ನಡುವೆ ಇರೋ 4 ಲಕ್ಷ 80 ಸಾವಿರ ಎಲ್ಲೂ ಮಾಯ ಆಗೋದಿಲ್ಲ. ಒಂದಷ್ಟು ಅವರ ಕೈಚಳಕ, ಸಗಟು ಖರೀದಿಯಿಂದ ನಿಜವಾಗಿ ಉಳಿದೀತು. ಉಳಿದದ್ದನ್ನು ಯಾರಾದರೂ ಕೊಡಲೇಬೇಕು. ಸರಳು ಸಣ್ಣದಾಗಿ ಮನೆ ಕೊಡಬಹುದು, ‘ಎಕ್ಸ್‌ಟ್ರಾ ಕೆಲಸ’ ಅನ್ನೋ ಹೆಸರಿನಲ್ಲಿ ಮುಂದೆ ನಾನೇ ಕೊಡಬಹುದು, ಬಾಂಡ್ಲಿ ಹೊರೋ ಹೆಂಗಸಿನ ಕೂಲಿಯಲ್ಲಿ ಕಡಿತವಾಗಬಹುದು. ಆ ಮೂರನೆಯದು ನನಗೆ ಕಾಣೋದೂ ಇಲ್ಲ. ಒಬ್ಬ ಆಳಿಗೆ ಎಷ್ಟು ಕೊಡ್ತೀರಿ ಅಂತ ನಾನು ಮೂವರಲ್ಲಿ ಯಾರನ್ನೂ ಕೇಳಿರಲಿಲ್ಲ. ನನ್ನ ಶೀಟಿನಲ್ಲಿ ಟೈಲ್ಸಿನ ಬ್ರ್ಯಾಂಡಿಗೆ ಕಾಲಂ ಇತ್ತು, ಕೂಲಿಗೆ ಇರಲಿಲ್ಲ.

ಸರ್ಕಾರಿ ಟೆಂಡರ್ ಅಂದರೆ ನಮಗೆಲ್ಲ ನಗು. ಎಲ್-1 ಅಂತ ಕಡಿಮೆ ಹೇಳಿದವನಿಗೆ ಕೊಟ್ಟು, ಮೊದಲ ಮಳೆಗೇ ರಸ್ತೆ ಕಿತ್ತು ಹೋಯ್ತು ಅಂತ ಮೀಮ್ ಹಾಕ್ತೀವಿ. ಆದರೆ ಕಾಗದದ ಮೇಲಾದರೂ ಸರ್ಕಾರ ನನಗಿಂತ ನ್ಯಾಯವಾಗಿದೆ. ಇಲಾಖೆ ಮೊದಲು ತಾನೇ ಅಂದಾಜುಪಟ್ಟಿ ತಯಾರಿಸುತ್ತೆ, ಎಲ್ಲರೂ ಆ ಒಂದೇ ಪಟ್ಟಿಗೆ ರೇಟು ಹಾಕ್ತಾರೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಪ್ರಕಾರ, ಟೆಂಡರ್ ದಾಖಲೆಯಲ್ಲಿ ಮೊದಲೇ ಹೇಳಿದ ಮಾನದಂಡದ ಮೇಲೇ ಕಡಿಮೆ ಯಾವುದು ಅಂತ ತೀರ್ಮಾನಿಸಬೇಕು. ತೆರೆಯೋ ಹೊತ್ತಿನ ತನಕ ಒಬ್ಬರದ್ದನ್ನು ಇನ್ನೊಬ್ಬರು ನೋಡೋ ಹಾಗಿಲ್ಲ. ಬರೀ ಕಡಿಮೆ ಬೆಲೆ ನೋಡಿದರೆ ಸಾಲದು ಅಂತ 2021ರ ಅಕ್ಟೋಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕೆಲವು ಬಗೆಯ ಕಾಮಗಾರಿಗಳಲ್ಲಿ ಗುಣಮಟ್ಟಕ್ಕೆ ಶೇ 30ರ ತನಕ ತೂಕ ಕೊಡಬಹುದು ಅಂತ ಸೂಚನೆ ಹೊರಡಿಸಿತು. ನಾನು ಮಾಡಿದ್ದೇನು? ಮೂವರಿಗೂ ಮೂರು ಬೇರೆ ಬೇರೆ ಮನೆಗೆ ರೇಟು ಕೇಳಿದೆ. ಒಬ್ಬರು ಸಂಪು ಇಲ್ಲದ ಮನೆ, ಒಬ್ಬರು ಪಾಯ ಮೂರಡಿಯ ಮನೆ, ಒಬ್ಬರು ಹಗೇವು ಇರೋ ನಿಜವಾದ ಮನೆ. ಆಮೇಲೆ ಮೂರನ್ನೂ ಒಂದೇ ಕಾಲಂನಲ್ಲಿ ಕೂರಿಸಿ ಹೋಲಿಕೆ ಅಂತ ಕರೆದೆ. ಅಂದಾಜುಪಟ್ಟಿ ನಾನೇ ದುಡ್ಡು ಕೊಟ್ಟು ಮಾಡಿಸಬೇಕಿತ್ತು. ಒಬ್ಬ ಎಂಜಿನಿಯರಿಗೋ, ಅದೇ ಮೇಸ್ತ್ರಿಗೋ ಅದರ ಕೂಲಿ ಕೊಟ್ಟಿದ್ದರೆ ಆ ಪಟ್ಟಿ ನನ್ನದಾಗ್ತಿತ್ತು. ಆಗ ಮೂವರಿಗಲ್ಲ, ಮೂವತ್ತು ಜನಕ್ಕೆ ಕಳಿಸಿದ್ದರೂ ಯಾರೂ ಕೇಳೋ ಹಾಗಿರಲಿಲ್ಲ.

ಜಾನ್ ರಸ್ಕಿನ್ 1860ರಲ್ಲಿ ಇದನ್ನೇ ಬೇರೆ ಥರ ಹೇಳಿದ್ದ. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ಓದಿ ಬದಲಾದೆ ಅಂದ, ಆಮೇಲೆ ‘ಸರ್ವೋದಯ’ ಅಂತ ಗುಜರಾತಿಯಲ್ಲಿ ಸಾರ ಬರೆದ ಪುಸ್ತಕ ಅದು, ‘ಅನ್‌ಟು ದಿಸ್ ಲಾಸ್ಟ್’. ರಸ್ಕಿನ್ ವಾದ ಇಷ್ಟು: ಒಂದು ಕೆಲಸಕ್ಕೆ ಒಂದು ನಿಗದಿ ಕೂಲಿ ಇರಲಿ. ಚೆನ್ನಾಗಿ ಮಾಡೋನಿಗೆ ಕೆಲಸ ಕೊಡಿ, ಮಾಡದವನಿಗೆ ಕೊಡಬೇಡಿ. ಕೆಟ್ಟ ಕೆಲಸಗಾರ ಅರ್ಧ ಬೆಲೆಗೆ ಬಂದು ಒಳ್ಳೆಯವನ ಜಾಗ ಕಿತ್ತುಕೊಳ್ಳೋ ಹಾಗೆ ಮಾಡೋದೇ ನಾಶದ ದಾರಿ. ಡಾಕ್ಟರನ್ನು ಆರಿಸುವಾಗ ಯಾರೂ ಕಡಿಮೆ ಫೀಸಿನವನನ್ನು ಹುಡುಕೋದಿಲ್ಲವಲ್ಲ ಅನ್ನೋದು ಅವನ ಪ್ರಶ್ನೆ. ಓದುವಾಗ ನನಗೆ ಅನಿಸಿದ್ದು, ನಾವು ಯಾರ ಜೊತೆ ಚೌಕಾಸಿ ಮಾಡ್ತೀವಿ ಅನ್ನೋದು ಅವರ ಕೆಲಸದ ಬೆಲೆಗಿಂತ ಅವರ ಜಾಗ ಯಾವುದು ಅನ್ನೋದರ ಮೇಲೆ ನಿಂತಿದೆ. ಆರ್ಕಿಟೆಕ್ಟ್ ಕನ್ಸಲ್ಟೇಷನ್ ಫೀಸು ಅಂದರೆ ಗೂಗಲ್ ಪೇ ಮಾಡ್ತೀವಿ. ಮೇಸ್ತ್ರಿ ಅರ್ಧ ದಿನ ನೆಲ ಕುಟ್ಟಿದ್ದಕ್ಕೆ ಒಂದು ಚಾ.

ಇಷ್ಟಾದರೂ ನಮ್ಮ ಹತ್ತಿರ 22 ಲಕ್ಷವೇ ಇತ್ತು. ನೈತಿಕತೆ ಅರ್ಥವಾದ ತಕ್ಷಣ ಬ್ಯಾಂಕು ಸಾಲ ಹೆಚ್ಚಿಸೋದಿಲ್ಲ. ಇಲ್ಲಿ ದಾರಿ ತೋರಿಸಿದ್ದು ಅವ್ವ. ‘ರೇಟ್ ಕಡಿಮೆ ಮಾಡಿ ಅಂತ ಯಾಕೆ ಕೇಳ್ತೀಯ? ಮನೀನೇ ಕಡಿಮೆ ಮಾಡು’ ಅಂದಳು. ‘ಆ ಪೋರ್ಟಿಕೋದಾಗೆ ನಿಲ್ಸಾಕೆ ಕಾರ್ ಎಲ್ಲೈತಿ?’

ಎಷ್ಟು ನೇರವಾದ ಮಾತು. ‘ಕಡಿಮೆ ಮಾಡ್ಕೊಳ್ಳಿ’ ಅಂತ ಹೇಳೋದರಲ್ಲಿ ಒಂದು ಹೇಡಿತನ ಇದೆ. ಏನನ್ನು ಕಡಿಮೆ ಮಾಡಬೇಕು ಅನ್ನೋದನ್ನು ನಾವು ಹೇಳೋದಿಲ್ಲ, ಕೇಳೋದೂ ಇಲ್ಲ. ಸರಳೋ, ನೀರೋ, ಕೂಲಿಯೋ, ಅದು ಅವರ ಪಾಪ. ನಮ್ಮ ಕೈ ಶುದ್ಧ. ಪೋರ್ಟಿಕೋ ಬೇಡ ಅನ್ನುವಾಗ ಕಳಕೊಳ್ಳೋದು ಏನು ಅಂತ ನಮಗೇ ಕಾಣುತ್ತೆ, ಕಳಕೊಳ್ಳೋರೂ ನಾವೇ. ಪೋರ್ಟಿಕೋ ಮತ್ತು ಮೇಲಿನ ಒಂದು ಕೋಣೆ ಬಿಟ್ಟರೆ ಮನೆ ಹತ್ತೂವರೆ ಚದರಕ್ಕೆ ಬರ್ತಿತ್ತು. ಮೇಸ್ತ್ರಿಯ ಲೆಕ್ಕದಲ್ಲೇ ಸುಮಾರು 21 ಲಕ್ಷ 50 ಸಾವಿರ. ಮೇಲಿನ ಕೋಣೆ ನನಗೆ ಅಂತ ಹಾಕಿಸಿದ್ದು. ವರ್ಷಕ್ಕೆ ಎಂಟು ದಿನ ಊರಿಗೆ ಹೋಗೋನು ನಾನು.

1,650ರವರಿಗೆ ಫೋನ್ ಮಾಡಿ, ಹಾಳೆ ಕಳಿಸಿದ್ದು ನನ್ನ ತಪ್ಪು, ಕೆಲಸ ಬೇರೆಯವರಿಗೆ ಕೊಡ್ತಿದ್ದೀವಿ ಅಂದೆ. ಅವರಿಗೆ ಬೇಜಾರೇನೂ ಆಗಲಿಲ್ಲ. ‘ಆಯ್ತು ಸಾರ್’ ಅಂದರು. ಅವರೂ ಕೆಟ್ಟವರೇನಲ್ಲ. ನನ್ನಂಥವರು ಹತ್ತು ಜನ ದಿನಾ ಅಡಿಗೆ ಎಷ್ಟು ಅಂತ ಒಂದೇ ಪ್ರಶ್ನೆ ಕೇಳಿದರೆ ಅವರು ಒಂದೇ ಉತ್ತರ ಕಲೀತಾರೆ. ಹೊನ್ನಾಳಿಯವರಿಗೂ ಕಾರಣ ಸಮೇತ ತಿಳಿಸಿದೆ. ಕೊಟೇಷನ್ ಕೊಟ್ಟವರಿಗೆ ಇಲ್ಲ ಅಂತ ಬಾಯಿಬಿಟ್ಟು ಹೇಳಿದ್ದು ಬದುಕಿನಲ್ಲಿ ಅದೇ ಮೊದಲು. ಇಲ್ಲಿ ತನಕ ‘ತಿಳಿಸ್ತೀವಿ’ ಅಂತಲೇ ಕಾಲ ಹಾಕಿದ್ದೆ.

ಮೇಸ್ತ್ರಿಯ ಮನೆಗೆ ಅಪ್ಪನೂ ನಾನೂ ಹೋದೆವು. ಅಪ್ಪ ಎಲೆ ಅಡಿಕೆ ಜೊತೆ 2,000 ರೂಪಾಯಿ ಇಟ್ಟು, ‘ಇದು ಆವತ್ತಿನ ಗುಂಡಿದು. ಕೆಲಸ ಒಪ್ಕೋ, ಬಿಡು, ಅದು ಬೇರೆ’ ಅಂದರು. ಮೇಸ್ತ್ರಿ ದುಡ್ಡು ತಗೊಂಡರು. ಬೇಡ ಬೇಡ ಅನ್ನಲಿಲ್ಲ. ಅದು ನನಗೆ ಸಮಾಧಾನ ಕೊಟ್ಟಿತು. ಬೇಡ ಅಂದಿದ್ದರೆ ಅವರ ದೊಡ್ಡತನ ಹೊಗಳಿ ಎದ್ದು ಬರ್ತಿದ್ದೆವು, ಬಾಕಿ ಹಾಗೇ ಉಳೀತಿತ್ತು.

ಹತ್ತೂವರೆ ಚದರದ ಕೆಲಸ ಅವರು ಒಪ್ಪಿಕೊಂಡರು. ಆದರೆ ಹೊಸ ಪಟ್ಟಿ ಕೇಳಿದಾಗ, ‘ಮೊದ್ಲು ಅಡ್ವಾನ್ಸ್, ಆಮೇಲೆ ಪಟ್ಟಿ’ ಅಂದರು. ನಗ್ತಾ ಹೇಳಿದರು, ಆದರೆ ತಮಾಷೆಗೆ ಹೇಳಿದ್ದಲ್ಲ. ಅಡ್ವಾನ್ಸ್ ಕೊಟ್ಟ ಮೂರನೇ ದಿನಕ್ಕೆ ಪಟ್ಟಿ ಬಂತು. ಈ ಸಲ ಐದು ಹಾಳೆ.

ಈಗ ಮನೆ ಲಿಂಟಲ್ ಮಟ್ಟಕ್ಕೆ ಬಂದಿದೆ. ಹಗೇವು ತೆಗೆಸುವಾಗ ನಾನೂ ಊರಲ್ಲಿದ್ದೆ. ಮೇಲಿನ ಎರಡಡಿ ಗಟ್ಟಿ ಮಣ್ಣು, ಕೆಳಗೆಲ್ಲ ಹಾರೆ ಸರಕ್ಕನೆ ಇಳಿಯೋವಷ್ಟು ಪೊಳ್ಳು. ಬೆಡ್ ಕಾಂಕ್ರೀಟ್ ತುಂಬಿದ ಮೇಲೆ ಮಣ್ಣು ಮುಚ್ಚಿದರು. ಈಗ ನೋಡಿದರೆ ಅಲ್ಲೇನಿತ್ತು ಅಂತ ಯಾರಿಗೂ ಗೊತ್ತಾಗೋದಿಲ್ಲ.

ಹೋದ ತಿಂಗಳು ನಮ್ಮ ಓಣಿಯ ಒಬ್ಬರು ಮಗಳಿಗೆ ಒಂದು ಸಣ್ಣ ಮನೆ ಕಟ್ಟಿಸಬೇಕು ಅಂತ ಮೇಸ್ತ್ರಿಯನ್ನು ಕರೆದಿದ್ದರು. ಅಪ್ಪ ಅಲ್ಲೇ ಇದ್ದರು. ‘ಜಾಗ ನೋಡಿ ಒಂದ್ ಲೆಕ್ಕ ಬರ್ದು ಕೊಡಿ’ ಅಂದರಂತೆ ಅವರು. ಮೇಸ್ತ್ರಿ ಜಾಗದ ಒಳಗೆ ಕಾಲಿಡದೆ, ಬಾಗಿಲಲ್ಲೇ ನಿಂತು, ‘ಬರೆಯಾದು ಗಿರೆಯಾದು ಇಲ್ಲ, ಅಡಿಗೆ 2,100’ ಅಂದು ಹೋದರಂತೆ. ಅವರು ಶಿವಮೊಗ್ಗದ ಕಡೆ ವಿಚಾರಿಸ್ತಿದ್ದಾರೆ. ಅಲ್ಲಿ 1,650ಕ್ಕೆ ಸಿಗುತ್ತೆ ಅಂತ ಯಾರೋ ಹೇಳಿದ್ದಾರಂತೆ.

ಅಪ್ಪ ಇದನ್ನು ಫೋನಿನಲ್ಲಿ ಹೇಳಿ ಸುಮ್ಮನಾದರು. ಮುಂದಿನ ವಾರ ಊರಿಗೆ ಹೋಗ್ತಿದ್ದೀನಿ. ಆ ಓಣಿಯವರ ಮನೆಗೆ ಹೋಗಿ, ಮೇಸ್ತ್ರಿಗೆ ಒಂದು ದಿನದ ಕೂಲಿ ಮುಂಗಡ ಕೊಟ್ಟು ಜಾಗ ತೋರಿಸಿ ಅಂತ ಹೇಳಬೇಕು. ಯಾಕೆ ಅಂತ ಅವರು ಕೇಳೇ ಕೇಳ್ತಾರೆ. ಆಗ ಈ ನಾಲ್ಕು ಹಾಳೆಯ ಕಥೆ ಅವರಿಗೂ ಹೇಳಬೇಕಾಗುತ್ತೆ.